ಹೆಸರಿರುವ ಕಾಗದ

ಕಳೆದ ತಿಂಗಳು ಈ ಅಂಕಣದಲ್ಲಿ ಪುಸ್ತಕದ ಗೆದ್ದಲಿನ ಬಗ್ಗೆ ಉತ್ತರ ಬರೆಯುತ್ತಾ, ಮಾತಿಗೆ ಮಾತು ಬಂತೆಂದು ಎರಡು ಸಾಲು ಸೇರಿಸಿದ್ದೆ: ಕೈರೋದ ಯೆಹೂದಿಗಳ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಸಾವಿರ ವರ್ಷದ ಹರಕು ಕಾಗದ ಕೂಡಿಬಿದ್ದಿತ್ತು, ಅದರೊಳಗೆ ನಮ್ಮ ಮಂಗಳೂರಿನ ಬೊಮ್ಮ ಎಂಬವನೂ ಇದ್ದಾನೆ ಅಂತ. ಅದಕ್ಕೆ ಹದಿನಾಲ್ಕು ಪತ್ರ ಬಂದಿವೆ. ಗೆದ್ದಲಿನ ಬಗ್ಗೆ ಒಂದೂ ಇಲ್ಲ! ಕಾಲೇಜು ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಪುಸ್ತಕದ ಧೂಳು ಕೊಡವಿದವಳಿಗೆ ಇಷ್ಟು ಪತ್ರ ಯಾವತ್ತೂ ಬಂದದ್ದಿಲ್ಲ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ.

*

ಪ್ರಶ್ನೆ: ಹರಿದ ಕಾಗದವನ್ನು ಸಾವಿರ ವರ್ಷ ಕೂಡಿಡುವುದು ಎಂಥ ಶಾಸ್ತ್ರ? ನಮ್ಮಲ್ಲಿ ಹಳೆಯ ತಾಳೆಗರಿಯನ್ನು ಹೊಳೆಗೆ ಬಿಡುತ್ತಿದ್ದರು. ಅವರು ಸುಡಬಹುದಿತ್ತಲ್ಲ?
– ನಿವೃತ್ತ ಶಿಕ್ಷಕಿ, ಶಿರಸಿ

ಟೀಚರೇ, ಅಲ್ಲೇ ಇರುವುದು ವಿಷಯ. ಅವರು ಕೂಡಿಟ್ಟದ್ದಲ್ಲ, ಎಸೆಯಲಾರದೆ ಉಳಿಸಿದ್ದು.

ಹೀಬ್ರೂವಿನಲ್ಲಿ ದೇವರ ಹೆಸರಿಗೆ ನಾಲ್ಕು ಅಕ್ಷರ. ಅದನ್ನು ಬಾಯಿಂದ ಉಚ್ಚರಿಸುವ ಹಾಗಿಲ್ಲ. ಓದುವಾಗ ಆ ಜಾಗ ಬಂದರೆ ‘ಅದೋನಾಯ್’, ಅಂದರೆ ‘ಒಡೆಯ’, ಎಂದು ಓದುತ್ತಾರೆ. ಮಾತಿನಲ್ಲಿ ಹೇಳುವುದಿದ್ದರೆ ಬರೀ ‘ಹಷೆಮ್’, ಅಂದರೆ ‘ಆ ಹೆಸರು’. ಗಂಡನ ಹೆಸರು ಹೇಳದ ನಮ್ಮ ಅಜ್ಜಿಯಂದಿರು ‘ಇವರು’ ಅನ್ನುತ್ತಿದ್ದರಲ್ಲ, ಅದರ ನೆನಪಾಗುತ್ತದೆ ನನಗೆ. ಬಾಯಲ್ಲಿ ಹೇಳಬಾರದ ಆ ಹೆಸರನ್ನು ಬರೆದ ಮೇಲೆ ಅಳಿಸುವ ಹಾಗೂ ಇಲ್ಲ, ಸುಡುವ ಹಾಗೂ ಇಲ್ಲ. ಹರಿದುಹೋದ ಧರ್ಮಗ್ರಂಥವನ್ನು ಒಂದು ಕಡೆ ತೆಗೆದಿಟ್ಟು, ಆಮೇಲೆ ಮನುಷ್ಯರನ್ನು ಮಣ್ಣು ಮಾಡಿದ ಹಾಗೆ ಸ್ಮಶಾನದಲ್ಲಿ ಹೂಳುತ್ತಾರೆ. ಹೂಳುವ ತನಕ ಇಡುವ ಜಾಗದ ಹೆಸರು ಗೆನೀಜಾ.

ಈ ಶಬ್ದದ ಬೇರು ಪರ್ಷಿಯಾದ ಕಡೆಯದು. ಖಜಾನೆ ಎಂಬ ಅರ್ಥದ ‘ಗಂಜ್’ ಇದೆಯಲ್ಲ, ಅದೇ. ಕಲಬುರಗಿಯವರು ಕಾಳಿನ ಪೇಟೆಯನ್ನು ಗಂಜ್ ಅನ್ನುತ್ತಾರೆ. ಆ ಗಂಜಿಗೂ ಈ ಗೆನೀಜಾಕ್ಕೂ ದೂರದ ನಂಟಿದೆ.

ಹಳೆ ಕೈರೋದ ಫುಸ್ತಾತ್‌ನಲ್ಲಿರುವ ಬೆನ್ ಎಜ್ರಾ ಮಂದಿರದಲ್ಲಿ ಎರಡು ವಿಶೇಷ ನಡೆಯಿತು. ಮೊದಲನೆಯದು, ಅಲ್ಲಿನವರು ತೆಗೆದಿಟ್ಟದ್ದನ್ನು ಹೆಚ್ಚಾಗಿ ಹೂಳಲೇ ಇಲ್ಲ. ಹೆಂಗಸರು ಕೂರುವ ಮಹಡಿಯ ತುದಿಯಲ್ಲಿ, ಏಣಿ ಹತ್ತಿ ತಲುಪುವ ಎತ್ತರದಲ್ಲಿ, ಗೋಡೆಗೆ ಒಂದು ಕಿಂಡಿ. ಅದರೊಳಗೆ ಹಾಕುವುದು, ಇಳಿಯುವುದು. ಎರಡನೆಯದು, ದೇವರ ಹೆಸರು ಇದ್ದದ್ದನ್ನಷ್ಟೇ ಅಲ್ಲ, ಬೇರೆಯದನ್ನೂ ಹಾಕಿದರು. ಹೀಬ್ರೂ ಲಿಪಿಯಲ್ಲಿ ಬರೆದದ್ದೆಲ್ಲ ಪೂಜ್ಯ ಎಂದು ಅಂಗಡಿ ಲೆಕ್ಕ, ಸಾಲಪತ್ರ, ಮದುವೆ ಕರಾರು, ಗಂಡನಿಗೆ ಬೈದು ಬರೆದ ಕಾಗದ, ಮಕ್ಕಳು ಅಕ್ಷರ ತಿದ್ದಿ ಬದಿಯಲ್ಲಿ ಗೀಚಿದ ಚಿತ್ರ, ಎಲ್ಲ ಅದೇ ಕಿಂಡಿಯೊಳಗೆ ಹೋಯಿತು. ಭಾಷೆ ಬಹುಪಾಲು ಅರಬ್ಬಿ, ಲಿಪಿ ಹೀಬ್ರೂ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಂಕಣಿಯನ್ನೂ ತುಳುವನ್ನೂ ಬ್ಯಾರಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುವ ಜನ ನಾವು.

ಕಾಗದಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮಗೂ ರೂಢಿ. ಕಣ್ಣಿಗೊತ್ತಿಕೊಂಡು, ಮರುದಿನ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಡುತ್ತೇವೆ ಅನ್ನುವುದೊಂದೇ ವ್ಯತ್ಯಾಸ.

*

ಪ್ರಶ್ನೆ: ಅದನ್ನು ಹೊರಗೆ ತೆಗೆದವರು ಯಾರು? ಅಷ್ಟು ವರ್ಷ ಯಾರೂ ಯಾಕೆ ಕೈ ಹಾಕಲಿಲ್ಲ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಹಾವಿನ ಹೆದರಿಕೆ! 19ನೇ ಶತಮಾನದಲ್ಲಿ ಜೆರುಸಲೇಮಿನಿಂದ ಹೋದ ಯಾಕೋಬ್ ಸಫೀರ್ ಎಂಬ ಪ್ರವಾಸಿಗೆ, ಮೇಲೆ ಹಾವು ಚೇಳು ಇವೆ ಎಂದು ಅಲ್ಲಿನವರು ಹೇಳಿದ್ದರಂತೆ. ನಿಧಿಯ ಮೇಲೆ ಸರ್ಪ ಕೂತಿರುತ್ತದೆ ಅನ್ನುವುದು ನಮ್ಮೂರಿನ ಕತೆ ಮಾತ್ರ ಅಂದುಕೊಂಡಿದ್ದೆ.

ಆ ಶತಮಾನದ ಕೊನೆಗೆ ಮಂದಿರವನ್ನು ಹೊಸದಾಗಿ ಕಟ್ಟಿದರು. ಆಗ ಹಾಳೆಗಳು ಹೊರಬಿದ್ದು, ಹಳೆ ಸಾಮಾನಿನ ವ್ಯಾಪಾರಿಗಳ ಕೈಗೆ ಸಿಕ್ಕಿ ಅಲ್ಲಲ್ಲಿ ಮಾರಾಟವಾದವು. ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಕೆಲವನ್ನು ಕೊಂಡು ಕೇಂಬ್ರಿಜ್‌ಗೆ ತಂದರು. ಸ್ಕಾಟ್ಲೆಂಡಿನವರು, ಇಬ್ಬರೂ ವಿಧವೆಯರು, ಡಿಗ್ರಿ ಇಲ್ಲದವರು, ಸಿರಿಯಾಕ್, ಅರಬ್ಬಿ ಎಲ್ಲ ತಾವೇ ಕಲಿತವರು. 1896ರ ಮೇ 13ರಂದು ಅವರ ಊಟದ ಮೇಜಿನ ಮೇಲಿದ್ದ ಹಾಳೆಗಳನ್ನು ನೋಡಲು ಬಂದವರು ಸೊಲೊಮನ್ ಶೆಖ್ಟರ್, ಕೇಂಬ್ರಿಜ್‌ನ ಯೆಹೂದಿ ವಿದ್ವಾಂಸ. ಒಂದು ಹಾಳೆ ಅವರ ಕಣ್ಣಿಗೆ ಬಿತ್ತು. ಬೆನ್ ಸೀರಾ ಎಂಬ ಪ್ರಾಚೀನ ನೀತಿಗ್ರಂಥದ ಹೀಬ್ರೂ ಮೂಲ ಅದು. ಗ್ರೀಕ್ ಮುಂತಾದ ಅನುವಾದಗಳು ಮಾತ್ರ ಎಲ್ಲರ ಕೈಯಲ್ಲಿದ್ದವು, ಮೂಲ ಹೋಯಿತೆಂದೇ ಲೆಕ್ಕ.

ಶೆಖ್ಟರ್ ಆ ವರ್ಷದ ಡಿಸೆಂಬರಿನಲ್ಲೇ ಕೈರೋಗೆ ಹೊರಟರು. ಖರ್ಚು ಕೊಟ್ಟವರು ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥ ಚಾರ್ಲ್ಸ್ ಟೇಲರ್. ಅಲ್ಲಿನ ರಬ್ಬಿಯ, ಅಂದರೆ ಧರ್ಮಗುರುವಿನ, ಒಪ್ಪಿಗೆ ಪಡೆದು, ವಾರಗಟ್ಟಲೆ ಆ ಕೋಣೆಯ ಧೂಳು ಕುಡಿದು, ತಂದದ್ದು ಸುಮಾರು 1,93,000 ತುಣುಕು. ಧೂಳಿನಿಂದ ಅವರ ಆರೋಗ್ಯ ಕೆಟ್ಟಿತು. ಅದನ್ನು ಓದುವಾಗ ನನಗೆ ಸಹಜವಾಗಿ ಕೆಮ್ಮು ಬಂತು. ಲೈಬ್ರರಿಯವರಿಗೆ ಅರ್ಥವಾಗುತ್ತದೆ. ಇನ್ನಷ್ಟು ತುಣುಕುಗಳು ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್, ನ್ಯೂಯಾರ್ಕ್, ಸೇಂಟ್ ಪೀಟರ್ಸ್‌ಬರ್ಗ್ ಅಂತ ಹಂಚಿಹೋಗಿವೆ. ಒಂದೇ ಪತ್ರದ ಮೇಲಿನ ಅರ್ಧ ಒಂದು ದೇಶದಲ್ಲಿ, ಕೆಳಗಿನ ಅರ್ಧ ಇನ್ನೊಂದರಲ್ಲಿ ಇರುವುದೂ ಉಂಟು.

ಶೆಖ್ಟರ್‌ಗೆ ಬೇಕಿದ್ದದ್ದು ಗ್ರಂಥಗಳು. ಅಂಗಡಿ ಚೀಟಿಗಳ ಬೆಲೆ ಕಂಡವರು ಅವರ ನಂತರದವರು, ಮುಖ್ಯವಾಗಿ ಜರ್ಮನಿಯಲ್ಲಿ ಹುಟ್ಟಿದ ಎಸ್.ಡಿ. ಗೊಯಿಟೈನ್. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಈ ಚೀಟಿಗಳನ್ನೇ ಓದಿದರು. ಮಧ್ಯಯುಗದ ಮೆಡಿಟರೇನಿಯನ್ ಕರಾವಳಿಯಲ್ಲಿ ಜನ ಏನು ತಿಂದರು, ಬಾಡಿಗೆ ಎಷ್ಟು ಕೊಟ್ಟರು, ಮಗಳ ಮದುವೆಗೆ ಯಾವ ಬಣ್ಣದ ಬಟ್ಟೆ ಹೊಲಿಸಿದರು ಎಂದು ಸಂಪುಟ ಸಂಪುಟ ಬರೆದರು.

*

ಪ್ರಶ್ನೆ: ಮೇಡಂ, ನಾನು ಬಂದರಿನ ಹುಡುಗ. ಬೊಮ್ಮನ ಕತೆ ನಿಜವಾ? ಅವನು ಗುಲಾಮನಾ? ನಮ್ಮ ಪಾಠದಲ್ಲಿ ಇಲ್ಲವಲ್ಲ?
– ಬಿ.ಎ. ವಿದ್ಯಾರ್ಥಿ, ಮಂಗಳೂರು

ನಿಜ ಮಾರಾಯ. ಸ್ವಲ್ಪ ಕೂತು ಓದು, ಇದು ಉದ್ದ.

ಈಗಿನ ಟ್ಯುನೀಶಿಯಾದ ಮಹ್ದಿಯಾ ಎಂಬ ಬಂದರಿನವನು ಅಬ್ರಹಾಂ ಬೆನ್ ಯಿಜು. ಯೆಹೂದಿ ವ್ಯಾಪಾರಿ. ಪದ್ಯ ಬರೆಯುವ, ಧರ್ಮಶಾಸ್ತ್ರ ಬಲ್ಲ ಮನುಷ್ಯ. ಯೆಮನ್‌ನ ಏಡನ್ ಬಂದರಿಗೆ ಬಂದು, ಅಲ್ಲಿನ ವರ್ತಕರ ಮುಖ್ಯಸ್ಥ ಮದ್ಮೂನ್‌ನ ನೆರಳಿನಲ್ಲಿ ವ್ಯಾಪಾರ ಕಲಿತು, ಹಡಗು ಹತ್ತಿ ಮಂಗಳೂರಿಗೆ ಬಂದ. 1132ರ ಅಕ್ಟೋಬರ್ 17ರಂದು ಅವನು ಮಂಗಳೂರಿನಲ್ಲೇ ಬರೆಸಿದ ಒಂದು ದಸ್ತಾವೇಜಿದೆ. ಆಗ ಇಲ್ಲಿ ಆಳುಪರ ಆಳ್ವಿಕೆ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದೆನೆಂಬ ಪತ್ರ ಅದು. ಅವಳಿಗೆ ಬೆರಾಖಾ ಎಂದು ಹೀಬ್ರೂ ಹೆಸರಿಟ್ಟ. ಆಶೀರ್ವಾದ ಎಂದು ಅದರ ಅರ್ಥ. ಪತ್ರಗಳಲ್ಲಿ ‘ನಾಯರ್’ ಎಂಬ ಭಾವಮೈದುನನ ಪ್ರಸ್ತಾಪ ಇರುವುದರಿಂದ ಅಶು ನಾಯರ್ ಕುಟುಂಬದವಳಿರಬೇಕೆಂದು ವಿದ್ವಾಂಸರ ಊಹೆ. ಅವಳನ್ನೇ ಅವನು ಮದುವೆಯಾದ, ಮಕ್ಕಳಾದವು. ಅವಳನ್ನು ಬಿಡಿಸಿದ ಪತ್ರ ಉಳಿದಿದೆ, ಅವಳು ಆಡಿದ ಮಾತು ಒಂದೂ ಉಳಿದಿಲ್ಲ. ಅಷ್ಟು ಕಾಗದದ ರಾಶಿಯಲ್ಲಿ ನನ್ನನ್ನು ಕಾಡುವುದು ಆ ಒಂದು ಖಾಲಿ ಜಾಗ.

ಬೆನ್ ಯಿಜು ಇಲ್ಲಿಂದ ಕಳಿಸುತ್ತಿದ್ದದ್ದು ಕಾಳುಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆ. ಅಡಿಕೆ ಮಾರಾಯ, 12ನೇ ಶತಮಾನದಲ್ಲೂ! ಜೊತೆಗೆ ಅವನದ್ದೊಂದು ಕಂಚಿನ ಕೆಲಸದ ಕಾರ್ಖಾನೆ ಇತ್ತು. ಏಡನ್‌ನ ಗೆಳೆಯರು ಒಡೆದ ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಹಡಗಿನಲ್ಲಿ ತುಂಬಿ ಮಂಗಳೂರಿಗೆ ಕಳಿಸುತ್ತಿದ್ದರು, ಕರಗಿಸಿ ಹೊಸದು ಮಾಡಿಕೊಡು ಎಂದು. ಹಳೆ ಪಾತ್ರೆ ಕೊಟ್ಟು ಹೊಸದು ಕೊಳ್ಳಲು ಒಂದು ಸಮುದ್ರ ದಾಟಿಸುವಷ್ಟು ನಮ್ಮ ಕಂಚುಗಾರರ ಕೈಗೆ ಹೆಸರಿತ್ತು. ಒಬ್ಬ ಗೆಳೆಯ ಒಂದು ದೀಪಕ್ಕೆ ಆರ್ಡರ್ ಕೊಟ್ಟಿದ್ದಾನೆ, ನೋಡಬೇಕು ಅದನ್ನು. ಕಂಬ ಎಂಟು ಮೂಲೆಯದ್ದಾಗಿ ದಪ್ಪ ಇರಬೇಕು, ಪಾದ ಗಟ್ಟಿ ಇರಬೇಕು, ಮೇಲಿನ ಹಣತೆಗೆ ಎರಡು ಬತ್ತಿಗೆ ಎರಡು ಮೂತಿ, ಅದು ಕಂಬದ ಮೇಲೆ ಹತ್ತಿಸಿ ಇಳಿಸುವ ಹಾಗಿರಬೇಕು, ಮೂರೂ ಭಾಗ ಬಿಚ್ಚಿಡಲು ಬರಬೇಕು. ಪಾತ್ರೆ ಅಂಗಡಿಯಲ್ಲಿ ಕಾಲುದೀಪ ಕೊಳ್ಳಲು ನಿಂತ ನನ್ನ ಅತ್ತೆಯೂ ಇಷ್ಟು ಕರಾರು ಹಾಕುತ್ತಿರಲಿಲ್ಲ.

ಪ್ರತಿಯಾಗಿ ಅಲ್ಲಿಂದ ಬರುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಮತ್ತು ಕಾಗದ. ಇಲ್ಲಿ ಬರೆಯಲು ಓಲೆಗರಿ ಇತ್ತು, ಕಾಗದ ಇರಲಿಲ್ಲ. ಬೆನ್ ಯಿಜುಗೆ ಕಾಗದದ ಚಟ. ಸಾಲದೆ ಬಂದಾಗ, ಬಂದ ಪತ್ರಗಳ ಹಿಂಬದಿಯಲ್ಲೇ ಲೆಕ್ಕ ಬರೆದಿಡುತ್ತಿದ್ದ. ಹಿಂದೆ ಮುಂದೆ ಎರಡೂ ಓದಬಹುದಾದ ಅಂಥ ಹಾಳೆಗಳು ಈಗಲೂ ಇವೆ.

ಇನ್ನು ಬೊಮ್ಮ. ಬೆನ್ ಯಿಜುವಿನ ದಾಸ, ಜೊತೆಗೆ ಅವನ ವ್ಯಾಪಾರದ ಆಳು. ಸರಕು ತೆಗೆದುಕೊಂಡು ಏಡನ್‌ಗೆ ಹೋಗುವವನು, ಸಾಮಾನು ತರುವವನು. ಮದ್ಮೂನ್‌ನ ಲೆಕ್ಕದಲ್ಲಿ ಅವನಿಗೆ ಕೊಟ್ಟ ಹಣದ ಬಾಬ್ತು ಬೇರೆಯೇ ಬರೆದಿದೆ. ಗೆಳೆಯರ ಪತ್ರದ ಕೊನೆಗೆ ಅವನಿಗೆ ಬೇರೆಯಾಗಿ ನಮಸ್ಕಾರ ಹೇಳಿದ್ದಾರೆ, ಅದೂ ಹೇರಳವಾಗಿ. ಅಂದಿನ ವ್ಯಾಪಾರಿಯ ಮನೆಯ ದಾಸ ಎಂದರೆ ಅಮೆರಿಕದ ಹತ್ತಿ ತೋಟದ ಗುಲಾಮನ ಹಾಗಲ್ಲ, ಗುಮಾಸ್ತನಿಗೆ ಹತ್ತಿರ. ಹಾಗೆಂದು ದಾಸ ದಾಸನಲ್ಲ ಅಂತಲೂ ಅಲ್ಲ. ಒಬ್ಬ ಒಡೆಯನಿದ್ದ.

ಹೆಸರಿನದ್ದೇ ಒಂದು ಕತೆ. ಹೀಬ್ರೂ ಲಿಪಿಯಲ್ಲಿ ಸ್ವರ ಬರೆಯುವುದು ಕಡಿಮೆ. ಕಾಗದದಲ್ಲಿರುವುದು ಬ–ಮ–ಹ ಅಷ್ಟೆ. ಗೊಯಿಟೈನ್ ಅದನ್ನು ಬಾಮ ಎಂದು ಓದಿ ಬ್ರಹ್ಮನ ರೂಪ ಎಂದರು. ಆಮೇಲೆ ಕಾದಂಬರಿಕಾರ ಅಮಿತಾವ್ ಘೋಷ್ ಈ ದಾಸನ ಬೆನ್ನು ಹತ್ತಿ ಈಜಿಪ್ಟಿನ ಹಳ್ಳಿಯಲ್ಲಿ ಕೂತು ಅರಬ್ಬಿ ಕಲಿತು, ಮಂಗಳೂರಿಗೂ ಬಂದರು. ಇಲ್ಲಿ ವಿದ್ವಾಂಸ ಬಿ.ಎ. ವಿವೇಕ ರೈ ಅವರ ಸಹಾಯದಿಂದ ಆ ಮೂರು ಅಕ್ಷರ ‘ಬೊಮ್ಮ’ ಆಯಿತು. 1992ರಲ್ಲಿ ಬಂದ ಘೋಷ್ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಓದು, ನಿಮ್ಮ ಲೈಬ್ರರಿಯಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ ತರಿಸು. ಬ್ರಹ್ಮ ಕನ್ನಡದ ಬಾಯಲ್ಲಿ ಬೊಮ್ಮ ಆಗುವುದು ನಮಗೇನು ಹೊಸತಲ್ಲ. ಅದೇ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯ ಇದ್ದ. ಘಟ್ಟದ ಮೇಲೆ ಒಬ್ಬ ಬೊಮ್ಮ ಕಿನ್ನರಿ ನುಡಿಸುತ್ತಿದ್ದ, ಘಟ್ಟದ ಕೆಳಗೆ ಇನ್ನೊಬ್ಬ ಬೊಮ್ಮ ಏಡನ್ ಹಡಗಿಗೆ ಮೆಣಸು ಎಣಿಸುತ್ತಿದ್ದ!

ಈ ಕಾಗದಗಳು ಕೈರೋ ಸೇರಿದ್ದು ಹೇಗೆ? 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ಹಿಡಿದರು. ಬೆನ್ ಯಿಜುವಿನ ಅಣ್ಣತಮ್ಮಂದಿರು ಚದುರಿಹೋದರು. ಸುದ್ದಿ ತಿಳಿದು ಅವನು 1149ರಲ್ಲಿ ಮಕ್ಕಳೊಂದಿಗೆ ಏಡನ್‌ಗೆ ಮರಳಿದ, ಅಲ್ಲಿಂದ ಸಹೋದರರಿಗೆ ಪತ್ರ ಬರೆದ, ಬನ್ನಿ, ನನ್ನಲ್ಲಿರುವುದು ನಮಗೆಲ್ಲರಿಗೂ ಸಾಕು ಅಂತ. ಮಗ ತೀರಿಕೊಂಡ. ಉಳಿದ ಮಗಳು ಸಿತ್ ಅಲ್‌ದಾರ್‌ಳನ್ನು ಸಹೋದರನ ಮಗನಿಗೇ ಕೊಡಬೇಕೆಂದು ಹಟ ಹಿಡಿದ. 1156ರಲ್ಲಿ ಫುಸ್ತಾತ್‌ನಲ್ಲಿ ಮದುವೆ ಆಯಿತು. ಮಂಗಳೂರಿನಿಂದ ಗಂಟು ಕಟ್ಟಿ ಒಯ್ದಿದ್ದ ಹಳೆ ಪತ್ರಗಳನ್ನು ಯಾರೋ, ಪ್ರಾಯಶಃ ಅವನೇ, ಆ ಕಿಂಡಿಯೊಳಗೆ ಹಾಕಿದರು.

ಪಾಠದಲ್ಲಿ ಯಾಕಿಲ್ಲ ಎಂಬ ಪ್ರಶ್ನೆಯನ್ನು ನಿಮ್ಮ ಮೇಷ್ಟ್ರಿಗೆ ಕೇಳು.

*

ಪ್ರಶ್ನೆ: ನೀವು ಇಸ್ರೇಲಿನ ಪರವೋ ವಿರುದ್ಧವೋ? ಸ್ಪಷ್ಟ ಹೇಳಿ.
– ಹೆಸರು ಬರೆದಿಲ್ಲ

ಬೆನ್ ಯಿಜುವಿನ ಪತ್ರವ್ಯವಹಾರದಲ್ಲಿ ಯೆಹೂದಿ, ಮುಸ್ಲಿಂ, ಬನಿಯಾ ಎಲ್ಲರೂ ಇದ್ದಾರೆ, ಒಬ್ಬರ ಸಾಮಾನು ಇನ್ನೊಬ್ಬರ ಹಡಗಿನಲ್ಲಿ ಹೋಗುತ್ತದೆ. ಜಗಳಗಳೂ ಇವೆ, ಏಲಕ್ಕಿ ದುಡ್ಡಿನದ್ದೂ ಸೇರಿ. ನಾನು ಬರೆಯುತ್ತಿರುವುದು ಅದರ ಬಗ್ಗೆ.

*

ಪ್ರಶ್ನೆ: ಪತ್ರ ಬರೆದು ಬದುಕಿನ ಪ್ರಶ್ನೆ ಕೇಳುವುದೇ ಹುಚ್ಚು. ಎರಡೂ ಕಡೆಯವರನ್ನು ಕೇಳದೆ ನೀವು ಉತ್ತರ ಹೇಗೆ ಕೊಡುತ್ತೀರಿ?
– ಗೃಹಿಣಿ, ದಾವಣಗೆರೆ

ಅಕ್ಕಾ, ಒಪ್ಪಿದೆ. ಆದರೆ ಈ ಹುಚ್ಚು ಹಳೆಯದು. ಯೆಹೂದಿಗಳಲ್ಲಿ ಅದೊಂದು ಸಾಹಿತ್ಯ ಪ್ರಕಾರವೇ. ಅದರ ಹೆಸರು ‘ಶೆಎಲೋತ್ ಉತೆಶುವೋತ್’, ಅಕ್ಷರಶಃ ‘ಪ್ರಶ್ನೆಗಳು ಮತ್ತು ಉತ್ತರಗಳು’. ದೂರದೂರದ ಊರಿನವರು ಇರಾಕಿನ ಸೂರಾ, ಪುಂಬೆದಿತಾ ಪೀಠಗಳ ಪಂಡಿತರಿಗೆ ಬರೆದು ಕೇಳುವುದು, ಅವರು ಉತ್ತರಿಸುವುದು. ಮಧ್ಯದಾರಿಯ ಫುಸ್ತಾತ್‌ನಲ್ಲಿ ಅವುಗಳ ನಕಲು ಮಾಡಿಕೊಳ್ಳುತ್ತಿದ್ದರು.

ಅದೇ ಫುಸ್ತಾತ್‌ನಲ್ಲಿ ಮುಂದೆ ಇದ್ದವರು ಮೈಮೊನಿಡೀಸ್, ಕೊರ್ಡೋಬಾದಲ್ಲಿ ಹುಟ್ಟಿದ ತತ್ವಜ್ಞಾನಿ, ವೈದ್ಯ, 1204ರಲ್ಲಿ ತೀರಿಕೊಂಡವರು. ಜನ ಕಳಿಸಿದ ಪ್ರಶ್ನೆಯ ಹಾಳೆಯಲ್ಲೇ ಕೆಳಗೆ ಅವರು ಗಡಿಬಿಡಿಯಲ್ಲಿ ಗೀಚಿದ ಉತ್ತರಗಳು ಗೆನೀಜಾದಲ್ಲಿ ಸಿಕ್ಕಿವೆ. ಗಡಿಬಿಡಿ ಯಾಕೆಂದರೆ, ದಿನಾ ಕೈರೋದ ಅರಮನೆಗೆ ಹೋಗಿ ಹಸಿದು ಮನೆಗೆ ಬಂದರೆ ಜಗಲಿ ತುಂಬ ರೋಗಿಗಳು. ಸುಸ್ತಾಗಿ ಮಲಗಿಕೊಂಡೇ ಮದ್ದು ಹೇಳುತ್ತಿದ್ದೆ ಎಂದು ಅವರೇ ಒಂದು ಪತ್ರದಲ್ಲಿ ತೋಡಿಕೊಂಡಿದ್ದಾರೆ.

ನೀವು ಎರಡು ಕಡೆ ಎಂದಿರಲ್ಲ. ಅವರ ಪ್ರಶ್ನೋತ್ತರಗಳಲ್ಲಿ ಒಂದೇ ಜಗಳದ ಎರಡೂ ಕಡೆ ಉಳಿದಿದೆ. ಗಂಡ ಬಿಟ್ಟುಹೋದ ಒಬ್ಬಾಕೆ ಹೊಟ್ಟೆಪಾಡಿಗೆ ಮಕ್ಕಳಿಗೆ ಧರ್ಮಗ್ರಂಥ ಓದಿಸಲು ತೊಡಗಿದಳು. ಮೊದಲು ಒಡಹುಟ್ಟಿದವನ ಜೊತೆ, ಅವನು ಹೋದ ಮೇಲೆ ಮಗನನ್ನು ಸೇರಿಸಿಕೊಂಡು ಶಾಲೆ ನಡೆಸಿದಳು. ವರ್ಷಗಳ ಮೇಲೆ ಗಂಡ ಬಂದ. ಶಾಲೆ ಮುಚ್ಚು, ಇಲ್ಲವೇ ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತೇನೆ ಎಂದ. ಗಂಡನ ಪತ್ರದಲ್ಲಿ ಅವನ ಮಾನಮರ್ಯಾದೆಯ ಮಾತು, ಮಕ್ಕಳ ತಂದೆಯರು ಇವಳೆದುರು ಬಂದು ನಿಲ್ಲುತ್ತಾರೆಂಬ ದೂರು. ಹೆಂಡತಿಯ ಪತ್ರದಲ್ಲಿ ಅವನು ಬಿಟ್ಟುಹೋದ ವರ್ಷಗಳ ಲೆಕ್ಕ. ಒಂದೇ ಮನೆಯೆಂದು ನಂಬುವುದೇ ಕಷ್ಟ.

ಗಂಡನಿಗೆ ಉತ್ತರ: ಅವಳು ಪಾಠ ಹೇಳುವುದನ್ನು ತಡೆಯುವ ಹಕ್ಕು ನಿನಗಿದೆ, ಆದರೆ ಅವಳ ಒಪ್ಪಿಗೆಯಿಲ್ಲದೆ ಎರಡನೆಯ ಮದುವೆ ಇಲ್ಲ. ಹೆಂಡತಿಗೆ ಕೊಟ್ಟ ಉತ್ತರದಲ್ಲಿ ಒಂದು ಬಾಗಿಲು ಇಟ್ಟಿದ್ದಾರೆ. ಇವನೊಂದಿಗೆ ಬಾಳಲೊಲ್ಲೆ ಎಂದು ನಿಂತರೆ, ಮದುವೆಯ ಕರಾರಿನ ಹಣ ಬಿಟ್ಟುಕೊಟ್ಟು ಬಿಡುಗಡೆ ಪಡೆಯಬಹುದು. ಆಮೇಲೆ ತನಗೆ ಬೇಕಾದವರಿಗೆ ಪಾಠ ಹೇಳಬಹುದು. ಶಾಸ್ತ್ರ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟಿಲ್ಲ. ಆದರೂ ಆಕೆಯ ಪತ್ರವನ್ನು ಅವರು ಎರಡು ಸಲ ಓದಿರಬೇಕು ಎಂದು ನನಗನ್ನಿಸುತ್ತದೆ. ನಾನು ನಿಮ್ಮದನ್ನೂ ಎರಡು ಸಲ ಓದಿದೆ.

ಈ ಮೈಮೊನಿಡೀಸ್‌ಗೆ ದಾವೀದ್ ಎಂಬ ತಮ್ಮ. ವ್ಯಾಪಾರ ಮಾಡಿ ಅಣ್ಣನ ಓದಿಗೆ ಹಾಕುತ್ತಿದ್ದವನು. ಇಂಡಿಯಾಕ್ಕೆ ಹೊರಟು, ಮನೆಯ ಹಣವನ್ನೂ ಜೊತೆಗೆ ಕೊಂಡು, ನಮ್ಮ ಈ ಸಮುದ್ರದಲ್ಲೇ ಮುಳುಗಿದ. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ತಮ್ಮ ಕೆಂಪು ಸಮುದ್ರದ ದಡದಿಂದ ಬರೆದ, ಹೆದರಬೇಡಿ ಅನ್ನುವ ಧಾಟಿಯ ಪತ್ರ ಗೆನೀಜಾದಲ್ಲಿದೆ.

*

ಪ್ರಶ್ನೆ: ಆ ರಾಶಿಯಲ್ಲಿ ನಿಮಗೆ ಅತಿ ಇಷ್ಟವಾದವರು ಯಾರು?
– ಕಾಲೇಜು ಉಪನ್ಯಾಸಕಿ, ಮೈಸೂರು

ವುಹ್ಶಾ! 1100ರ ಆಸುಪಾಸಿನ ಫುಸ್ತಾತ್‌ನ ದಲ್ಲಾಳಿ. ಒತ್ತೆ ಇಟ್ಟುಕೊಂಡು ಸಾಲ ಕೊಡುತ್ತಿದ್ದಳು, ವ್ಯಾಪಾರಕ್ಕೆ ಬಂಡವಾಳ ಹಾಕುತ್ತಿದ್ದಳು. ಮದುವೆಯ ಹೊರಗೆ ಹಸ್ಸೂನ್ ಎಂಬವನಿಂದ ಮಗು ಪಡೆದಳು. ಯೋಮ್ ಕಿಪ್ಪುರ್ ಎಂಬ ದೊಡ್ಡ ಉಪವಾಸದ ದಿನ ಪ್ರಾರ್ಥನೆಗೆ ಹೋದರೆ ಹಿರಿಯರು ಹೊರಗೆ ಕಳಿಸಿದರು. ಸಾಯುವಾಗ ಉಯಿಲಿನಲ್ಲಿ ಏನು ಬರೆಸಿದಳು ಗೊತ್ತೇ? ಊರಿನ ಪ್ರಾರ್ಥನಾಮಂದಿರಗಳಿಗೆ ದೀಪದೆಣ್ಣೆಗೆ ದುಡ್ಡು, ಜನ ರಾತ್ರಿ ಹೊತ್ತು ಕೂತು ಓದಲಿ ಎಂದು. ಹಸ್ಸೂನ್‌ಗೆ ಒಂದು ಕಾಸೂ ಇಲ್ಲ. ಮಗನಿಗೆ ಓದಿಸಲು ಮೇಷ್ಟ್ರ ಏರ್ಪಾಡು.

*

ಪ್ರಶ್ನೆ: ಎಲ್ಲ ಪ್ರಶ್ನೆಗೂ ಉತ್ತರ ಇರುತ್ತದೆಯೆ?
– ಹತ್ತನೇ ತರಗತಿ, ಸಾಗರ

ಪುಟ್ಟಾ, ತಾಲ್ಮುಡ್ ಎಂಬ ಅವರ ದೊಡ್ಡ ಗ್ರಂಥದಲ್ಲಿ ಪಂಡಿತರು ವಾದ ಮಾಡಿ ಮಾಡಿ ಕೆಲವು ಕಡೆ ‘ತೇಕು’ ಎಂದು ನಿಲ್ಲಿಸುತ್ತಾರೆ. ಪ್ರಶ್ನೆ ಹಾಗೇ ನಿಲ್ಲಲಿ ಎಂದರ್ಥ. ಈಗಿನ ಇಸ್ರೇಲಿನಲ್ಲಿ ಫುಟ್‌ಬಾಲ್ ಪಂದ್ಯ ಡ್ರಾ ಆದರೂ ಅದೇ ಶಬ್ದ.

*

ಪ್ರಶ್ನೆ: ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಅಡಿಕೆ ಮಂಡಿ ಲೆಕ್ಕದ ಪುಸ್ತಕಗಳು ಎರಡು ಪೆಟ್ಟಿಗೆ ಇವೆ. ಮಗ ಗುಜರಿಗೆ ಹಾಕು ಅನ್ನುತ್ತಾನೆ. ಏನು ಮಾಡಲಿ?
– ಕೃಷಿಕರು, ಪುತ್ತೂರು

ರಾಯರೇ, ಮಳೆ ಹಿಡಿಯುವ ಮೊದಲು ಕೆಳಗಿಳಿಸಿ. ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಗಾಳಿಯಾಡಲಿ. ತುಕ್ಕು ಹಿಡಿದ ಪಿನ್ನು ಇದ್ದರೆ ಮೆಲ್ಲಗೆ ತೆಗೆಯಿರಿ, ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ತುಂಬಬೇಡಿ, ಬೆವರುತ್ತದೆ. ಅಂಟು ಟೇಪು ಖಂಡಿತ ಬೇಡ. ಮಗನಿಗೆ ಬೈಯಬೇಡಿ, ಅವನ ಫೋನಿನಲ್ಲೇ ಪುಟಪುಟದ ಫೋಟೋ ತೆಗೆಸಿ. ಆಮೇಲೆ ಒಂದು ಉಪಕಾರ ಮಾಡಿ. ಅತಿ ಹಳೆಯ ಪುಸ್ತಕದ ಮೊದಲ ಪುಟದಲ್ಲಿ ಅಡಿಕೆಯ ದರ ಎಷ್ಟೆಂದು ಬರೆದಿದೆ, ಮತ್ತು ಲೆಕ್ಕ ಬರೆದವರು ಯಾರು, ಅಜ್ಜನೋ ಅಥವಾ ಮಂಡಿಯ ಆಳೋ, ನನಗೊಂದು ಕಾರ್ಡು ಹಾಕಿ.